ರೋಗಾಣುವಿನ ಹುಟ್ಟೂರನ್ನು ಅರಿಯುವ ಬಗೆ

ಸಂಜೆ ಮೇವು ತಿಂದು, ನೀರು ಕುಡಿದು ಮಲಗಿದ ಹಸುವು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವುದುಂಟು. ಬೇನೆ ಬಂದ ಸುಳಿವೇ ಮನೆಯವರಿಗೆ ಸಿಕ್ಕಿರುವುದಿಲ್ಲ. ಹೊಟ್ಟೆಯು ಬೇಗನೆ ಉಬ್ಬುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪಾದ ರಕ್ತ ಒಸರುತ್ತದೆ. ಆ ರಕ್ತವು ಹೆಪ್ಪುಗಟ್ಟುವುದಿಲ್ಲ. ಇವು ನೆರಡಿ ರೋಗದ ಮುಖ್ಯ ಲಕ್ಷಣಗಳು. ವೈದ್ಯರು ಇದನ್ನು ಆಂಥ್ರಾಕ್ಸ್ ಎಂದು ಕರೆಯುತ್ತಾರೆ. ಗಡಿನಾಡುಗಳಲ್ಲಿ ಬಾಳುವ ನಮ್ಮ ಕಿವಿಗೆ ಇದರ ಬೇರೆ ಹೆಸರುಗಳೂ ಬೀಳುತ್ತವೆ. ತಮಿಳರು ಅಡೈಪ್ಪಾನ್ ಎನ್ನುತ್ತಾರೆ, ಮಲೆಯಾಳಿಗಳು ಅಡಪ್ಪನ್ ಎನ್ನುತ್ತಾರೆ, ತೆಲುಗರು ದೊಮ್ಮ ರೋಗವೆನ್ನುತ್ತಾರೆ, ಮರಾಠಿಗರು ಕಾಳಪುಳಿ ಅಥವಾ ಫಾಶಿ ಎನ್ನುತ್ತಾರೆ. ಹೆಸರು ಯಾವುದಾದರೂ ರೋಗ ಒಂದೇ.

ಇಂಥ ಸಾವು ಸಂಭವಿಸಿದಾಗ ಊರಿನಲ್ಲಿ ಮೊದಲು ಹುಟ್ಟುವ ಪ್ರಶ್ನೆ “ಇದು ಎಲ್ಲಿಂದ ಬಂತು?” ಎಂಬುದು. ಉತ್ತರವೂ ಬಹು ಬೇಗನೆ ಹುಟ್ಟಿಕೊಳ್ಳುತ್ತದೆ. ಹೊಲದಲ್ಲಿ ಮಂದೆ ನಿಲ್ಲಿಸಿದ ಕುರಿಗಾಹಿಗಳಿಂದ ಬಂತೆಂದು ಕೆಲವರು ಹೇಳುತ್ತಾರೆ. ಸಂತೆಯಲ್ಲಿ ಕೊಂಡುತಂದ ಎತ್ತಿನಿಂದ ಬಂತೆಂದು ಕೆಲವರು. ಗಡಿಯಾಚೆಯ ಊರಿನಿಂದ ಬಂತೆಂದು ಮತ್ತೆ ಕೆಲವರು. ಈ ಮಾತು ನಿಜವಾಗಿರಲೂಬಹುದು, ಸುಳ್ಳಾಗಿರಲೂಬಹುದು. ಅಪವಾದ ಮಾತ್ರ ಊರೂರು ಅಲೆಯುವ ಬಡವನ ತಲೆಯ ಮೇಲೆ ನಿಂತುಬಿಡುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ರೋಗದ ನಿಜವಾದ ಮೂಲವು ನಮ್ಮ ಗೋಮಾಳದ ಮಣ್ಣಿನಲ್ಲಿಯೇ ಅಡಗಿದ್ದರೂ ಅದನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಮುಂದಿನ ವರ್ಷ ಅದೇ ಹುಲ್ಲಿನಲ್ಲಿ ಮತ್ತೊಂದು ಹಸು ಸಾಯುತ್ತದೆ.

ರೋಗಾಣು ಎಲ್ಲಿಯದೆಂಬ ಪ್ರಶ್ನೆಗೆ ಆ ರೋಗಾಣುವಿನ ಒಳಗಿನಿಂದಲೇ ಉತ್ತರವನ್ನು ಪಡೆಯುವ ವಿದ್ಯೆಯೊಂದು ಕಳೆದ ಸುಮಾರು ಮೂವತ್ತು ವರ್ಷಗಳಲ್ಲಿ ಬೆಳೆದುಬಂದಿದೆ. ಎತ್ತನ್ನು ಕೊಳ್ಳುವವನು ಅದರ ಮೈಮೇಲಿನ ಸುಳಿಗಳನ್ನು ನೋಡುವುದನ್ನು ಮಕ್ಕಳು ಸಂತೆಯಲ್ಲಿ ಕಂಡಿರಬಹುದು. ಹಾಗೆಯೇ ವಿಜ್ಞಾನಿಗಳು ರೋಗಾಣುವಿನ ಆನುವಂಶಿಕ ದ್ರವ್ಯದಲ್ಲಿರುವ ಕೆಲವು ಕುರುಹುಗಳನ್ನು ನೋಡಿ, ಇದು ಯಾವ ಮನೆತನದ್ದು, ಯಾವ ಸೀಮೆಯದು ಎಂದು ಹೇಳಬಲ್ಲರು. ಈ ಕುರುಹುಗಳು ಎಂಥವು, ಅವನ್ನು ಹೇಗೆ ಓದುತ್ತಾರೆ, ಅವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಣ್ಣಿನಲ್ಲಿ ನಿದ್ರಿಸುವ ಶತ್ರು

ಮೊದಲು ಈ ರೋಗಾಣುವಿನ ಸ್ವಭಾವವನ್ನು ಅರಿತುಕೊಳ್ಳೋಣ. ಇದು ಕಡ್ಡಿಯಾಕಾರದ ಸೂಕ್ಷ್ಮಜೀವಿ. ಬ್ಯಾಸಿಲಸ್ ಆಂಥ್ರಾಸಿಸ್ ಎಂಬುದು ಇದರ ಶಾಸ್ತ್ರೀಯ ನಾಮ. ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯರು 1876ರಲ್ಲಿ ಇದರ ಜೀವನಚಕ್ರವನ್ನು ಪೂರ್ಣವಾಗಿ ವಿವರಿಸಿ, ನೆರಡಿ ರೋಗಕ್ಕೆ ಇದೇ ಕಾರಣವೆಂದು ತೋರಿಸಿಕೊಟ್ಟರು. ಪ್ರಾಣಿಯ ದೇಹದೊಳಗೆ ಈ ಜೀವಿಯು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಆದರೆ ಸತ್ತ ಪ್ರಾಣಿಯ ರಕ್ತವು ಹೊರಗೆ ಚೆಲ್ಲಿ ಗಾಳಿಗೆ ತೆರೆದುಕೊಂಡೊಡನೆ ಅದು ತನ್ನ ಸುತ್ತ ಗಟ್ಟಿಯಾದ ಕವಚವನ್ನು ಕಟ್ಟಿಕೊಳ್ಳುತ್ತದೆ. ಹೀಗೆ ಕವಚ ತೊಟ್ಟ ರೂಪಕ್ಕೆ ಬೀಜಾಣುವೆಂದು ಹೆಸರು. ಬೀಜಾಣುವು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ. ಬಿಸಿಲು, ಬರ, ಚಳಿಗಳನ್ನು ತಾಳಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಮಲಗಿರುತ್ತದೆ.

ಇದರ ಆಯುಷ್ಯಕ್ಕೆ ಒಂದು ನಿದರ್ಶನ ಸಾಕು. ರಷ್ಯದ ಉತ್ತರದ ಯಮಾಲ್ ಎಂಬ ಹಿಮಪ್ರದೇಶದಲ್ಲಿ 1941ರ ಅನಂತರ ಈ ರೋಗ ಕಂಡುಬಂದಿರಲಿಲ್ಲ. ರೋಗ ಅಳಿಯಿತೆಂಬ ನಂಬಿಕೆಯಿಂದ 2007ರಲ್ಲಿ ಅಲ್ಲಿನ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು ನಿಲ್ಲಿಸಲಾಯಿತು. 2016ರ ಬೇಸಗೆಯಲ್ಲಿ ಹಿಂದೆಂದೂ ಕಾಣದ ಸೆಕೆಯಿಂದ ಹೆಪ್ಪುಗಟ್ಟಿದ ನೆಲ ಕರಗಿತು. ಎಪ್ಪತ್ತೈದು ವರ್ಷಗಳ ಬಳಿಕ ರೋಗವು ಮೇಲೆದ್ದು 2,000ಕ್ಕೂ ಹೆಚ್ಚು ಹಿಮಸಾರಂಗಗಳನ್ನೂ ಹನ್ನೆರಡು ವರ್ಷದ ಒಬ್ಬ ಬಾಲಕನನ್ನೂ ಬಲಿ ತೆಗೆದುಕೊಂಡಿತು.

ನಮ್ಮ ಸೀಮೆಗಳಲ್ಲಿ ಹಿಮವಿಲ್ಲ. ಆದರೆ ಬರವೂ ಮಳೆಯೂ ಅದೇ ಕೆಲಸವನ್ನು ಮಾಡುತ್ತವೆ. ಬೇಸಗೆಯಲ್ಲಿ ಹುಲ್ಲು ಗಿಡ್ಡವಾದಾಗ ದನಕುರಿಗಳು ನೆಲಕ್ಕೆ ಬಾಯಿ ಹಚ್ಚಿ ಮಣ್ಣುಸಹಿತ ಮೇಯುತ್ತವೆ. ಮಳೆಯ ನೀರು ಹಳೆಯ ಹೂಳುಗುಂಡಿಗಳ ಮಣ್ಣನ್ನು ಕೊಚ್ಚಿ ತಗ್ಗಿಗೆ ತರುತ್ತದೆ. ಬೀಜಾಣುವು ದನದ ಹೊಟ್ಟೆಯನ್ನು ಸೇರಿದೊಡನೆ ಕವಚವನ್ನು ಕಳಚಿ ಮತ್ತೆ ಬೆಳೆಯತೊಡಗುತ್ತದೆ. ಸತ್ತ ದನವನ್ನು ಸುಲಿದವರಿಗೂ ಕೊಯ್ದವರಿಗೂ ರೋಗ ತಗಲಬಹುದು. ಅವರ ಕೈಮೈ ಮೇಲೆ ನೋವಿಲ್ಲದ, ನಡುವೆ ಇದ್ದಿಲಿನಂತೆ ಕಪ್ಪಾದ ಹುಣ್ಣು ಏಳುತ್ತದೆ. ಆಂಥ್ರಾಕ್ಸ್ ಎಂಬ ಗ್ರೀಕ್ ಶಬ್ದಕ್ಕೆ ಇದ್ದಿಲು ಎಂದೇ ಅರ್ಥ.

ಇದಕ್ಕೆ ತಡೆಯುಂಟು. ಫ್ರಾನ್ಸಿನ ಲೂಯಿ ಪಾಸ್ಚರರು 1881ರಲ್ಲಿ ಪುಯ್ಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ನಡೆಸಿದ ಪ್ರಯೋಗವು ಪ್ರಸಿದ್ಧವಾದುದು. 24 ಕುರಿಗಳಿಗೆ ಲಸಿಕೆ ಹಾಕಿ, 24 ಕುರಿಗಳಿಗೆ ಹಾಕದೆ, ಬಳಿಕ ಎಲ್ಲಕ್ಕೂ ರೋಗಾಣುವನ್ನು ಚುಚ್ಚಲಾಯಿತು. ಲಸಿಕೆ ಹಾಕದಿದ್ದ ಕುರಿಗಳೆಲ್ಲ ಸತ್ತವು. ಈಗ ಲೋಕದ ಹೆಚ್ಚಿನ ಕಡೆ ದನಕುರಿಗಳಿಗೆ ಹಾಕುವ ಲಸಿಕೆಯು ದಕ್ಷಿಣ ಆಫ್ರಿಕೆಯ ಮ್ಯಾಕ್ಸ್ ಸ್ಟರ್ನ್ ಎಂಬ ಪಶುವೈದ್ಯರು 1930ರ ದಶಕದಲ್ಲಿ ಕಂಡುಹಿಡಿದ ತಳಿಯಿಂದ ತಯಾರಾದುದು.

ಮೂಲವನ್ನು ಏಕೆ ಅರಿಯಬೇಕು?

ಲಸಿಕೆಯಿರುವಾಗ ರೋಗಾಣುವಿನ ಊರು ಯಾವುದಾದರೇನು ಎಂದು ಕೆಲವರು ಕೇಳಬಹುದು. ಮೂಲವು ತಿಳಿದರೆ ಮಾಡಬೇಕಾದ ಕೆಲಸವೇ ಬೇರೆಯಾಗುತ್ತದೆ ಎಂಬುದೇ ಇದಕ್ಕೆ ಉತ್ತರ. ಸತ್ತ ಹಸುವಿನಲ್ಲಿದ್ದ ರೋಗಾಣುವು ಅದೇ ತಾಲ್ಲೂಕಿನಲ್ಲಿ ಹತ್ತು ವರ್ಷಗಳ ಹಿಂದೆ ಸಿಕ್ಕಿದ ರೋಗಾಣುವಿನ ವಂಶದ್ದೇ ಆಗಿದ್ದರೆ, ಬೀಜಾಣುಗಳು ಅಲ್ಲಿಯ ಮಣ್ಣಿನಲ್ಲಿಯೇ ಇವೆಯೆಂದು ಊಹಿಸಬೇಕು. ಆಗ ಆ ಗೋಮಾಳಕ್ಕೆ ಬೇಲಿ ಹಾಕಬೇಕು. ಸುತ್ತಲಿನ ಊರುಗಳ ದನಗಳಿಗೆ ವರ್ಷವರ್ಷವೂ ಲಸಿಕೆ ಹಾಕಬೇಕು. ಹಾಗಲ್ಲದೆ ಅದು ದೂರದ ಸೀಮೆಯ ವಂಶದ್ದಾಗಿದ್ದರೆ, ಹೊರಗಿನಿಂದ ತಂದ ಮೇವು, ಮೂಳೆಯ ಗೊಬ್ಬರ, ಹಸಿಯ ಚರ್ಮ, ಹೊಸದಾಗಿ ಕೊಂಡ ದನ ಇವುಗಳ ಜಾಡನ್ನು ಹಿಡಿದು ಹೋಗಬೇಕು. ಒಂದು ದಾರಿಯನ್ನು ಹಿಡಿಯಬೇಕಾದಲ್ಲಿ ಇನ್ನೊಂದನ್ನು ಹಿಡಿದರೆ ಹಣವೂ ಕಾಲವೂ ಹಾಳು. ರೋಗವು ಇದ್ದಲ್ಲಿಯೇ ಇರುತ್ತದೆ.

ತೊಡಕೆಂದರೆ, ಈ ರೋಗಾಣುವಿನ ತಳಿಗಳು ನೋಡಲು ಒಂದೇ ಬಗೆ. ಆಫ್ರಿಕೆಯದನ್ನೂ ಭಾರತದ್ದನ್ನೂ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕದಲ್ಲಿಟ್ಟರೆ ಎಂಥ ನಿಪುಣನಿಗೂ ಭೇದ ಕಾಣದು. ಭೇದವಿರುವುದು ಅದರ ಡಿ.ಎನ್.ಎ. ಎಂಬ ಆನುವಂಶಿಕ ದ್ರವ್ಯದಲ್ಲಿ.

ಓಲೆಗರಿಯ ದೃಷ್ಟಾಂತ

ಡಿ.ಎನ್.ಎ.ಯನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಗ್ರಂಥವೆಂದು ಭಾವಿಸಬಹುದು. ಆ ಅಕ್ಷರಗಳಿಗೆ ಎ, ಟಿ, ಜಿ, ಸಿ ಎಂದು ಹೆಸರು. ನೆರಡಿಯ ರೋಗಾಣುವಿನ ಮುಖ್ಯ ಗ್ರಂಥದಲ್ಲಿ ಸುಮಾರು 52 ಲಕ್ಷ ಅಕ್ಷರಗಳಿವೆ. ಪುಟಕ್ಕೆ ಎರಡು ಸಾವಿರದಂತೆ ಅಚ್ಚುಹಾಕಿದರೆ 2,600 ಪುಟಗಳ ಪುಸ್ತಕವಾಗುತ್ತದೆ. ಇದರ ಜೊತೆಗೆ ಎರಡು ಸಣ್ಣ ಅನುಬಂಧಗಳಿವೆ. ಒಂದರಲ್ಲಿ ರೋಗಾಣುವು ವಿಷವನ್ನು ತಯಾರಿಸುವ ಕ್ರಮವು ಬರೆದಿದೆ. ಇನ್ನೊಂದರಲ್ಲಿ ದನದ ದೇಹದ ಕಾವಲನ್ನು ತಪ್ಪಿಸಿಕೊಳ್ಳಲು ಹೊದೆಯುವ ಹೊದಿಕೆಯ ಕ್ರಮವಿದೆ. ಮೇಲೆ ಹೇಳಿದ ಸ್ಟರ್ನರ ಲಸಿಕೆಯ ತಳಿಯಲ್ಲಿ ಈ ಎರಡನೆಯ ಅನುಬಂಧವೇ ಇಲ್ಲ. ಆದುದರಿಂದ ಅದು ರೋಗವನ್ನುಂಟುಮಾಡದೆ ರೋಗನಿರೋಧಶಕ್ತಿಯನ್ನು ಮಾತ್ರ ಕೊಡುತ್ತದೆ.

ರೋಗಾಣು ಎರಡಾಗಿ ಒಡೆಯುವಾಗಲೆಲ್ಲ ಈ ಇಡೀ ಗ್ರಂಥದ ಪ್ರತಿಯೊಂದು ತಯಾರಾಗಬೇಕು. ನಮ್ಮ ಹಿರಿಯರು ಕಾವ್ಯಗಳನ್ನು ಓಲೆಗರಿಗಳ ಮೇಲೆ ಪ್ರತಿ ಮಾಡುತ್ತಿದ್ದುದನ್ನು ಮಕ್ಕಳು ಕೇಳಿ ಬಲ್ಲರು. ಲಿಪಿಕಾರನು ಎಷ್ಟೇ ಎಚ್ಚರದಿಂದ ಬರೆದರೂ ಎಲ್ಲಿಯೋ ಒಂದು ಅಕ್ಷರ ತಪ್ಪುತ್ತದೆ. ಆ ಓಲೆಯಿಂದ ಮುಂದೆ ಯಾರು ಪ್ರತಿಮಾಡಿದರೂ ಅದೇ ತಪ್ಪು ಮುಂದುವರಿಯುತ್ತದೆ. ಒಂದೇ ಪದ್ಯದಲ್ಲಿ ಒಂದೇ ತಪ್ಪನ್ನುಳ್ಳ ಮೂರು ಓಲೆಕಟ್ಟುಗಳು ಮೂರು ಊರುಗಳಲ್ಲಿ ಸಿಕ್ಕಿದರೆ, ಅವು ಮೂರೂ ಒಂದೇ ಮೂಲಪ್ರತಿಯ ಸಂತಾನವೆಂದು ಸಂಪಾದಕರು ತೀರ್ಮಾನಿಸುತ್ತಾರೆ. ಹೀಗೆ ಪಾಠಾಂತರಗಳನ್ನು ಹೋಲಿಸಿ ಪ್ರತಿಗಳ ವಂಶವೃಕ್ಷವನ್ನು ರಚಿಸುವ ಶಾಸ್ತ್ರಕ್ಕೆ ಗ್ರಂಥಸಂಪಾದನೆಯೆಂದು ಹೆಸರು. ಡಿ. ಎಲ್. ನರಸಿಂಹಾಚಾರ್ಯರು ಈ ಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಹಿರಿಯ ಗ್ರಂಥವನ್ನೇ ಬರೆದಿದ್ದಾರೆ.

ರೋಗಾಣುಗಳ ವಂಶವನ್ನು ಅರಿಯುವ ವಿದ್ಯೆಯೂ ಇದೇ ಜಾತಿಯದು. ಓಲೆಗರಿಯ ಸಂಪಾದಕರಿಗಿರುವ ಒಂದು ತೊಂದರೆ ಇಲ್ಲಿ ಇಲ್ಲವೆಂದೇ ಹೇಳಬೇಕು. ಲಿಪಿಕಾರನು ಎರಡು ಮೂರು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಬೆರಕೆ ಮಾಡಿದರೆ ವಂಶವೃಕ್ಷವು ಗೋಜಲಾಗುತ್ತದೆ. ಅನೇಕ ಸೂಕ್ಷ್ಮಜೀವಿಗಳು ತಮ್ಮ ತಮ್ಮೊಳಗೆ ಡಿ.ಎನ್.ಎ. ತುಣುಕುಗಳನ್ನು ಕೊಟ್ಟು ತೆಗೆದುಕೊಂಡು ಹೀಗೆಯೇ ಬೆರಕೆಯಾಗುತ್ತವೆ. ನೆರಡಿಯ ರೋಗಾಣುವಾದರೋ ಹೆಚ್ಚುಕಡಮೆ ತಾಯಿಯಿಂದ ಬಂದುದನ್ನು ಮಾತ್ರ ಮುಂದಕ್ಕೆ ಕೊಡುತ್ತದೆ. ಆದುದರಿಂದ ಇದರ ವಂಶವೃಕ್ಷದ ಕೊಂಬೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುದಿಲ್ಲ.

ಎರಡು ಬಗೆಯ ಕುರುಹುಗಳು

ಈ ಗ್ರಂಥದಲ್ಲಿ ನೋಡತಕ್ಕ ಕುರುಹುಗಳು ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಮರುಕಳಿಕೆಯ ಕುರುಹು. ಮದ್ದಳೆಯ ಪಾಠವನ್ನು ಬರೆದುಕೊಳ್ಳುವ ಹುಡುಗನೊಬ್ಬನು “ತಕಿಟ ತಕಿಟ ತಕಿಟ ತಕಿಟ” ಎಂಬುದನ್ನು ಪ್ರತಿಮಾಡುವಾಗ ನಾಲ್ಕರ ಬದಲು ಮೂರು ಸಲವೋ ಐದು ಸಲವೋ ಬರೆದುಬಿಡುವುದು ಸುಲಭ. ಡಿ.ಎನ್.ಎ.ಯಲ್ಲಿಯೂ ಕೆಲವು ಕಡೆ ಒಂದೇ ಪದಗುಚ್ಛವು ಸಾಲಾಗಿ ಹಲವು ಸಲ ಬರುತ್ತದೆ. ಅಂಥಲ್ಲಿ ಎಣಿಕೆ ತಪ್ಪುವುದು ಹೆಚ್ಚು. ನೆರಡಿಯ ರೋಗಾಣುವಿನಲ್ಲಿ ಮೊದಲು ಗುರುತಿಸಲಾದ ಇಂಥ ಸ್ಥಾನದಲ್ಲಿ 12 ಅಕ್ಷರಗಳ ಒಂದು ಗುಚ್ಛವು ತಳಿಗೆ ತಕ್ಕಂತೆ ಎರಡರಿಂದ ಆರು ಸಲದವರೆಗೆ ಮರುಕಳಿಸುತ್ತದೆ. ಒಂದು ಸ್ಥಾನದ ಎಣಿಕೆಯಿಂದ ಹೆಚ್ಚು ತಿಳಿಯದು. ಎಂಟು, ಹದಿನೈದು ಸ್ಥಾನಗಳ ಎಣಿಕೆಗಳನ್ನು ಒಟ್ಟಿಗೆ ಬರೆದಿಟ್ಟರೆ ಅದೊಂದು ವಿಳಾಸದಂತಾಗುತ್ತದೆ. ಅಮೆರಿಕೆಯ ಪಾಲ್ ಕೈಮ್ ಮತ್ತು ಅವರ ಸಂಗಡಿಗರು 2000ದಲ್ಲಿ ಎಂಟು ಸ್ಥಾನಗಳನ್ನು ಪರೀಕ್ಷಿಸಿ, 426 ಮಾದರಿಗಳನ್ನು 89 ಬಗೆಗಳಾಗಿ ವಿಂಗಡಿಸಿದರು. ಅದುವರೆಗೆ ಒಂದೇ ಎಂದು ತೋರುತ್ತಿದ್ದ ರೋಗಾಣುವಿಗೆ ಇಷ್ಟು ಕವಲುಗಳಿರುವುದು ಆಗ ಸ್ಪಷ್ಟವಾಯಿತು.

ಎರಡನೆಯದು ಒಂಟಿ ಅಕ್ಷರದ ಕುರುಹು. ಗ್ರಂಥದ ಗೊತ್ತಾದ ಒಂದು ಸ್ಥಾನದಲ್ಲಿ ಎ ಇರಬೇಕಾದಲ್ಲಿ ಜಿ ಇದೆ, ಅಷ್ಟೆ. ಇಂಥ ತಪ್ಪು ಬಹಳ ವಿರಳ. ಒಂದು ಗೊತ್ತಾದ ಅಕ್ಷರವು ಬದಲಾಗಬೇಕಾದರೆ ಸುಮಾರು ಸಾವಿರ ಕೋಟಿ ಸಲ ಪ್ರತಿಯಾಗಬೇಕೆಂದು ಲೆಕ್ಕ. ಆದುದರಿಂದ ಒಂದೇ ಸ್ಥಾನದಲ್ಲಿ ಒಂದೇ ತಪ್ಪು ಬೇರೆ ಬೇರೆ ವಂಶಗಳಲ್ಲಿ ತಾನೇ ತಾನಾಗಿ ಎರಡು ಸಲ ಹುಟ್ಟುವುದು ಇಲ್ಲವೆಂಬಷ್ಟು ಕಡಮೆ. 2004ರಲ್ಲಿ ಹಲವು ತಳಿಗಳ ಸುಮಾರು ಒಂದು ಸಾವಿರ ಅಕ್ಷರಭೇದಗಳನ್ನು ಹೋಲಿಸಿ ನೋಡಿದಾಗ ಈ ಮಾತು ಖಚಿತವಾಯಿತು. ಹಾಗಾದ ಮೇಲೆ ಎಲ್ಲ ಭೇದಗಳನ್ನೂ ನೋಡಬೇಕಾದುದಿಲ್ಲ. ವಂಶವೃಕ್ಷದ ಒಂದೊಂದು ಕವಲಿಗೆ ಒಂದೊಂದು ಅಕ್ಷರವನ್ನು ಆರಿಸಿಕೊಂಡರೆ, ಹನ್ನೆರಡು ಹದಿಮೂರು ಅಕ್ಷರಗಳಿಂದಲೇ ಯಾವ ಮಾದರಿಯನ್ನಾದರೂ ಅದರ ಶಾಖೆಗೆ ಸೇರಿಸಬಹುದು.

ಈ ಎರಡು ಕುರುಹುಗಳೂ ಒಂದಕ್ಕೊಂದು ಪೂರಕ. ಒಂಟಿ ಅಕ್ಷರವು ನಿಧಾನವಾಗಿ ಬದಲಾಗುವುದರಿಂದ ಮನೆತನವನ್ನು ಹೇಳುತ್ತದೆ. ಮರುಕಳಿಕೆಯು ಬೇಗ ಬದಲಾಗುವುದರಿಂದ ಆ ಮನೆತನದಲ್ಲಿ ಯಾವ ಮನೆ ಎಂಬುದನ್ನು ಹೇಳುತ್ತದೆ.

ಇವನ್ನು ಓದುವ ಕ್ರಮವು ಈಗ ಜನಸಾಮಾನ್ಯರಿಗೂ ಅಪರಿಚಿತವಲ್ಲ. ಕೊರೋನಾ ಜಾಡ್ಯದ ಕಾಲದಲ್ಲಿ ಮೂಗಿನ ದ್ರವವನ್ನು ತೆಗೆದು ಮಾಡುತ್ತಿದ್ದ ಪಿ.ಸಿ.ಆರ್. ಪರೀಕ್ಷೆಯನ್ನು ಎಲ್ಲರೂ ಕೇಳಿದ್ದಾರೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರು ಇದನ್ನು ಕಲ್ಪಿಸಿದರು; 1993ರಲ್ಲಿ ಅದಕ್ಕಾಗಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಇಡೀ ಗ್ರಂಥದಿಂದ ಬೇಕಾದ ಸಾಲನ್ನು ಮಾತ್ರ ಆರಿಸಿ, ಅದರ ಕೋಟ್ಯಂತರ ಪ್ರತಿಗಳನ್ನು ಕೆಲವೇ ಗಂಟೆಗಳಲ್ಲಿ ತಯಾರಿಸುವುದು ಇದರ ತತ್ತ್ವ. ಹೀಗೆ ತಯಾರಾದ ತುಣುಕುಗಳನ್ನು ಲೋಳೆಯಂಥ ಪದಾರ್ಥದ ತೆಳುವಾದ ಹಲ್ಲೆಯಲ್ಲಿಟ್ಟು ವಿದ್ಯುತ್ತನ್ನು ಹರಿಸಿದರೆ, ಗಿಡ್ಡ ತುಣುಕು ಮುಂದೆ ಓಡುತ್ತದೆ, ಉದ್ದ ತುಣುಕು ಹಿಂದೆ ಉಳಿಯುತ್ತದೆ. ತುಣುಕಿನ ಉದ್ದದಿಂದ ಗುಚ್ಛವು ಎಷ್ಟು ಸಲ ಮರುಕಳಿಸಿದೆಯೆಂದು ಎಣಿಸಬಹುದು. ಈಗಂತೂ ಇಡೀ 52 ಲಕ್ಷ ಅಕ್ಷರಗಳನ್ನು ಮೊದಲಿಂದ ಕೊನೆಯವರೆಗೆ ಓದುವ ಯಂತ್ರಗಳೇ ಬಂದಿವೆ.

ಲೋಕದ ಭೂಪಟದಲ್ಲಿ ಒಂದು ವಂಶವೃಕ್ಷ

2007ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆಯಲ್ಲಿ ಲೋಕದ ನಾನಾ ದೇಶಗಳಿಂದ ಕೂಡಿಹಾಕಿದ 1,033 ಮಾದರಿಗಳನ್ನು ಪರೀಕ್ಷಿಸಲಾಯಿತು. ಒಂಟಿ ಅಕ್ಷರಗಳಿಂದ ಅವು 12 ಪಂಗಡಗಳಾಗಿಯೂ, ಮರುಕಳಿಕೆಗಳಿಂದ 221 ಬಗೆಗಳಾಗಿಯೂ ವಿಂಗಡವಾದವು. ಎ, ಬಿ, ಸಿ ಎಂಬ ಮೂರು ಹೆಗ್ಗೊಂಬೆಗಳಲ್ಲಿ ಎ ಕೊಂಬೆಯು ಲೋಕವನ್ನೆಲ್ಲ ವ್ಯಾಪಿಸಿದೆ. ಹತ್ತರಲ್ಲಿ ಒಂಬತ್ತು ಮಾದರಿಗಳು ಅದಕ್ಕೇ ಸೇರಿದುವು. ಬಿ ಕೊಂಬೆಯು ದಕ್ಷಿಣ ಆಫ್ರಿಕೆಯಲ್ಲಿಯೂ ಯುರೋಪಿನ ಕೆಲವು ಭಾಗಗಳಲ್ಲಿಯೂ ಉಂಟು. ಸಿ ಕೊಂಬೆಯು ಅತಿ ವಿರಳ.

ದಕ್ಷಿಣ ಆಫ್ರಿಕೆಯ ಕ್ರೂಗರ್ ರಾಷ್ಟ್ರೀಯ ವನದಲ್ಲಿ ಎ ಮತ್ತು ಬಿ ಎರಡೂ ಇವೆ. ಅಲ್ಲಿ ನಡೆದ ಪರಿಶೀಲನೆಯಿಂದ ಒಂದು ವಿಶೇಷ ತಿಳಿಯಿತು. ಬಿ ತಳಿಯು ಸುಣ್ಣದ ಅಂಶ ಹೆಚ್ಚಾಗಿರುವ, ಕ್ಷಾರಗುಣದ ಮಣ್ಣಿನಲ್ಲಿ ಮಾತ್ರ ಕಂಡುಬಂದಿತು. ಎ ತಳಿಯು ಹಲವು ಬಗೆಯ ಮಣ್ಣುಗಳಲ್ಲಿ ಕಂಡುಬಂದಿತು. ಎ ಕೊಂಬೆಯು ಲೋಕವನ್ನೆಲ್ಲ ಏಕೆ ಹಬ್ಬಿತೆಂಬುದಕ್ಕೆ ಇದು ಒಂದು ಕಾರಣವಾಗಿರಬಹುದು.

ಭಾರತಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಎ ಕೊಂಬೆಯ ಒಂದು ಪಂಗಡಕ್ಕೆ ‘ಆಸ್ಟ್ರೇಲಿಯ 94’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಹೆಸರನ್ನು ಕೇಳಿದವರು ಇದು ಆಸ್ಟ್ರೇಲಿಯದಲ್ಲಿ ಹುಟ್ಟಿದ್ದೆಂದು ತಿಳಿಯುವುದು ಸಹಜ. ಆದರೆ ಇದೇ ಪಂಗಡವು ಭಾರತದಲ್ಲಿಯೂ ತುರ್ಕಿ, ಜಾರ್ಜಿಯಗಳಲ್ಲಿಯೂ ದೊರೆತಿದೆ. ಆಸ್ಟ್ರೇಲಿಯಕ್ಕೆ ದನಗಳು ಬಂದುದೇ 1788ರಲ್ಲಿ, ಇಂಗ್ಲಿಷರ ಹಡಗುಗಳಲ್ಲಿ. ನೆರಡಿಯು ಅಲ್ಲಿ ಮೊದಲು ಕಾಣಿಸಿಕೊಂಡದ್ದು 1847ರಲ್ಲಿ, ಸಿಡ್ನಿ ನಗರದ ಬಳಿ. ಭಾರತದಿಂದ ಗೊಬ್ಬರಕ್ಕಾಗಿ ತರಿಸಿದ ಮೂಳೆಯ ಪುಡಿಯೊಡನೆ ಅದು ಬಂದಿರಬೇಕೆಂಬ ಅಭಿಪ್ರಾಯ ಅಲ್ಲಿ ಬಹುಕಾಲದಿಂದ ಇದೆ. ಈಗ ಕಂಡುಬಂದಿರುವ ಕುರುಹುಗಳು ಆ ಅಭಿಪ್ರಾಯಕ್ಕೆ ಹೊಂದುತ್ತವೆ. ಆದರೆ ಅಷ್ಟರಿಂದಲೇ ಅದು ಸಿದ್ಧವಾಯಿತೆಂದು ಹೇಳುವಂತಿಲ್ಲ. ಹೆಸರನ್ನು ಇಟ್ಟ ಊರು ಬೇರೆ, ಹುಟ್ಟಿದ ಊರು ಬೇರೆ ಆಗಿರಬಹುದೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ತಪ್ಪು ವಿಳಾಸದ ತಳಿ

ಹೆಸರಿನಿಂದ ಮೋಸಹೋದ ಇನ್ನೊಂದು ಪ್ರಸಂಗವು ಇಡೀ ಲೋಕಕ್ಕೆ ಪಾಠವಾಯಿತು. 1981ರಲ್ಲಿ ಅಮೆರಿಕೆಯ ಟೆಕ್ಸಸ್ ಸಂಸ್ಥಾನದಲ್ಲಿ ಒಂದು ಕಡಸು ನೆರಡಿಯಿಂದ ಸತ್ತಿತು. ಅದರಿಂದ ತೆಗೆದ ರೋಗಾಣುವನ್ನು ಅಲ್ಲಿಯ ಪಶುವೈದ್ಯ ಪ್ರಯೋಗಶಾಲೆಯವರು ಸೈನ್ಯದ ಸಂಶೋಧನಾಲಯಕ್ಕೆ ಕಳುಹಿಸಿಕೊಟ್ಟರು. ಕಳುಹಿಸಲು ಬಳಸಿದ ಪೆಟ್ಟಿಗೆಯ ಮೇಲೆ ಅಯೋವಾ ಸಂಸ್ಥಾನದ ಏಮ್ಸ್ ಎಂಬ ಊರಿನ ಸರಕಾರೀ ಪಶುವೈದ್ಯ ಪ್ರಯೋಗಶಾಲೆಯ ವಿಳಾಸದ ಚೀಟಿಯಿತ್ತು. ಪಡೆದವರು ರೋಗಾಣುವೂ ಏಮ್ಸಿನದೇ ಎಂದು ಬಗೆದು ಅದಕ್ಕೆ ಏಮ್ಸ್ ತಳಿಯೆಂದು ಹೆಸರಿಟ್ಟರು. ಆ ಹೆಸರೇ ಪ್ರಬಂಧಗಳಲ್ಲಿ ನೆಲೆಯೂರಿತು.

ಇಪ್ಪತ್ತು ವರ್ಷಗಳ ಬಳಿಕ, 2001ರಲ್ಲಿ, ಅಮೆರಿಕೆಯಲ್ಲಿ ಯಾರೋ ಅಂಚೆಯ ಲಕೋಟೆಗಳಲ್ಲಿ ನೆರಡಿಯ ಬೀಜಾಣುಗಳನ್ನು ತುಂಬಿ ಕಳುಹಿಸಿದರು. 22 ಮಂದಿಗೆ ರೋಗ ತಗಲಿ ಅವರಲ್ಲಿ ಐವರು ಸತ್ತರು. ಎಲ್ಲಿಯ ರೋಗಾಣು ಇದು, ಪರದೇಶದ್ದೇ ಎಂಬ ಗಾಬರಿ ಹಬ್ಬಿತು. ಮೇಲೆ ವಿವರಿಸಿದ ಕುರುಹುಗಳನ್ನು ಓದಿದಾಗ ಲಕೋಟೆಗಳಲ್ಲಿದ್ದುದು ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದ್ದ ಏಮ್ಸ್ ತಳಿಯೇ ಎಂಬುದು ತಿಳಿಯಿತು. ಹೊರದೇಶವನ್ನು ದೂರುವ ಮೊದಲು ಸ್ವದೇಶದ ಪ್ರಯೋಗಶಾಲೆಗಳನ್ನೇ ಶೋಧಿಸಬೇಕಾಯಿತು. ತಳಿಯ ಪೂರ್ವೇತಿಹಾಸವನ್ನು ಕೆದಕಿದಾಗ ವಿಳಾಸದ ಚೀಟಿಯ ಕಥೆಯೂ ಹೊರಬಿದ್ದಿತು. ಇದನ್ನು ಹೋಲುವ ರೋಗಾಣುವು 1997ರಲ್ಲಿ ಟೆಕ್ಸಸಿನ ಒಂದು ಮೇಕೆಯಲ್ಲಿಯೇ ಸಿಕ್ಕಿದ್ದಿತು. ಈ ಪಂಗಡದ ಇತರ ಬಂಧುಗಳು ಚೀನಾ ದೇಶದಲ್ಲಿರುವುದು 2009ರ ವೇಳೆಗೆ ತಿಳಿದುಬಂತು. ಚೀಟಿಯು ಹೇಳಿದ ಊರು ಏಮ್ಸ್; ಕುರುಹು ಹೇಳಿದ ಊರು ಟೆಕ್ಸಸ್; ಅದರ ಹಿರಿಯರು ಇದ್ದಿರಬಹುದಾದ ನಾಡು ಏಷ್ಯ.

ವಿದ್ಯೆಯ ಎಲ್ಲೆ

ಇಷ್ಟು ಹೇಳಿದಮೇಲೆ ಈ ವಿದ್ಯೆಯ ಎಲ್ಲೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕುರುಹುಗಳಿಂದ ಯಾರು ಯಾರಿಗೆ ಬಂಧುವೆಂದು ಖಚಿತವಾಗಿ ತಿಳಿಯಬಹುದು. ಆದರೆ ಯಾವ ಕಾಲದಲ್ಲಿ ಬೇರೆಯಾದರೆಂಬುದು ಅಷ್ಟು ಸುಲಭವಾಗಿ ತಿಳಿಯದು. ಇತರ ರೋಗಾಣುಗಳಲ್ಲಿ ತಪ್ಪುಗಳನ್ನು ಎಣಿಸಿ ವರ್ಷಗಳನ್ನು ಅಂದಾಜು ಮಾಡುತ್ತಾರೆ. ನೆರಡಿಯ ರೋಗಾಣುವು ಬೀಜಾಣುವಾಗಿ ನಿದ್ರಿಸುವಾಗ ಪ್ರತಿ ತಯಾರಾಗುವುದೇ ಇಲ್ಲ. ಪ್ರತಿಯಿಲ್ಲದಲ್ಲಿ ತಪ್ಪೂ ಇಲ್ಲ. ಐವತ್ತು ವರ್ಷ ಮಲಗಿದ ಬೀಜಾಣುವಿಗೆ ಆ ಐವತ್ತು ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ನಿಂತು ನಿಂತು ನಡೆಯುವ ಗಡಿಯಾರದಿಂದ ಹೊತ್ತನ್ನು ಹೇಳುವುದು ಹೇಗೆ?

ಉತ್ತರ ಅಮೆರಿಕೆಗೆ ಈ ರೋಗವು ಬಂದುದು ಯಾವಾಗ ಎಂಬ ವಾದವು ಇದಕ್ಕೆ ಸಾಕ್ಷಿ. ಹಿಮಯುಗದ ಕೊನೆಯಲ್ಲಿ ಏಷ್ಯ ಅಮೆರಿಕೆಗಳನ್ನು ಕೂಡಿಸಿದ್ದ ನೆಲದ ಮೇಲೆ ಮನುಷ್ಯರೊಡನೆ ಬಂತೆಂದು 2009ರಲ್ಲಿ ಒಂದು ತಂಡದವರು ವಾದಿಸಿದರು. ಕೊಲಂಬಸನ ಅನಂತರ ಯುರೋಪಿನ ವಲಸೆಗಾರರೊಡನೆ ಬಂತೆಂದು 2016ರಲ್ಲಿ, ಫ್ರಾನ್ಸಿನ ತಳಿಗಳನ್ನು ಹೋಲಿಸಿ ನೋಡಿದ ಮತ್ತೊಂದು ತಂಡದವರು ವಾದಿಸಿದರು. ಎರಡು ಉತ್ತರಗಳ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಕುರುಹುಗಳು ಸುಳ್ಳಾಡಲಿಲ್ಲ, ಅವು ಹೇಳದಿದ್ದುದನ್ನು ಊಹೆಯಿಂದ ತುಂಬಬೇಕಾಯಿತು.

ಇನ್ನೊಂದು ಎಲ್ಲೆಯು ನಮಗೆ ಹೆಚ್ಚು ಸಂಬಂಧಪಟ್ಟುದು. ಹೋಲಿಸಿ ನೋಡಲು ಮಾದರಿಗಳಿದ್ದರೆ ಮಾತ್ರ ಹೋಲಿಕೆ ಸಾಧ್ಯ. ಒಂದು ಸೀಮೆಯ ರೋಗಾಣುವನ್ನು ಯಾರೂ ಸಂಗ್ರಹಿಸದಿದ್ದರೆ ಆ ಸೀಮೆಯು ಈ ಭೂಪಟದಲ್ಲಿ ಖಾಲಿಯಾಗಿಯೇ ಉಳಿಯುತ್ತದೆ. ಸಿಕ್ಕಿದ ಓಲೆಗಳಿಂದ ಮಾತ್ರ ಸಂಪಾದಕನು ಪಾಠವನ್ನು ನಿರ್ಣಯಿಸಬಲ್ಲನು. ಅಟ್ಟದ ಮೇಲೆ ಗೆದ್ದಲಿಗೆ ಬಿಟ್ಟ ಓಲೆಯಿಂದ ಯಾರಿಗೂ ಉಪಯೋಗವಿಲ್ಲ.

ನಾವು ಮಾಡಬೇಕಾದುದು

ದನ ಸತ್ತುದನ್ನು ಬಚ್ಚಿಟ್ಟರೆ ಆಗುವ ಹಾನಿ ಇದೇ. ನಷ್ಟದ ನೋವಿನಲ್ಲಿ ಚರ್ಮವನ್ನಾದರೂ ಉಳಿಸಿಕೊಳ್ಳೋಣವೆಂದು ಸುಲಿಸುವವರುಂಟು, ಮಾಂಸವನ್ನು ಹಂಚುವವರುಂಟು, ರಾತ್ರಿಯಲ್ಲಿ ಹಳ್ಳಕ್ಕೆ ಎಸೆದು ಬರುವವರುಂಟು. ಇದರ ಫಲವನ್ನು ತಂದೆತಾಯಿಗಳು ಚೆನ್ನಾಗಿ ಮನಗಾಣಬೇಕು. ಮುಚ್ಚಿದ ಹೆಣದೊಳಗೆ ಗಾಳಿಯಾಡದುದರಿಂದ ರೋಗಾಣುವು ಬೀಜಾಣುವಾಗಲಾರದು. ಹೆಣವು ಕೊಳೆಯುವಾಗ ತಾನೂ ಸಾಯುತ್ತದೆ. ಕತ್ತಿಯನ್ನು ಹಾಕಿ ರಕ್ತವನ್ನು ಚೆಲ್ಲಿದೊಡನೆ ಕೋಟಿಗಟ್ಟಲೆ ಬೀಜಾಣುಗಳಾಗಿ ಮಣ್ಣನ್ನು ಸೇರುತ್ತವೆ. ಒಂದು ಚರ್ಮದ ಬೆಲೆಗಾಗಿ ಮೊಮ್ಮಕ್ಕಳ ಕಾಲದವರೆಗೆ ಗೋಮಾಳವನ್ನು ಕೆಡಿಸಿದಂತಾಗುತ್ತದೆ.

ಆದುದರಿಂದ ಹಠಾತ್ತನೆ ಸತ್ತ ದನಕುರಿಗಳನ್ನು ಮುಟ್ಟಬಾರದು, ಸುಲಿಯಬಾರದು, ಕೊಯ್ಯಬಾರದು, ಅವುಗಳ ಮಾಂಸವನ್ನು ತಿನ್ನಬಾರದು. ನಾಯಿ, ಕಾಗೆಗಳು ಹತ್ತಿರ ಬಾರದಂತೆ ಕಾಯುತ್ತ, ಹತ್ತಿರದ ದನದ ಆಸ್ಪತ್ರೆಗೆ ಒಡನೆ ತಿಳಿಸಬೇಕು. ಪಶುವೈದ್ಯರು ಹೆಣವನ್ನು ಕೊಯ್ಯದೆ ಕಿವಿಯ ನರದಿಂದ ಒಂದು ತೊಟ್ಟು ರಕ್ತವನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಅವರು ಹೇಳಿದಂತೆ ಹೆಣವನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಆ ಸ್ಥಳದಲ್ಲಿ ದನ ಮೇಯಿಸಬಾರದು. ಹೆಣವನ್ನು ಮುಟ್ಟಿದವರ ಮೈಮೇಲೆ ಹುಣ್ಣು ಎದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬೇಗ ತೋರಿಸಿದರೆ ಪೆನಿಸಿಲಿನ್ನಿನಂಥ ಔಷಧಗಳಿಂದ ಅದು ಗುಣವಾಗುತ್ತದೆ. ರೋಗ ಕಂಡ ಸೀಮೆಯಲ್ಲಿ ವರ್ಷಕ್ಕೊಮ್ಮೆ ದನಕುರಿಗಳಿಗೆ ಲಸಿಕೆ ಹಾಕಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿಯೂ ತಮಿಳುನಾಡಿನ ರಾಣಿಪೇಟೆಯಲ್ಲಿಯೂ ಈ ಲಸಿಕೆಯನ್ನು ತಯಾರಿಸುವ ಸರಕಾರೀ ಸಂಸ್ಥೆಗಳಿವೆ. ಪಶುರೋಗಗಳು ಎಲ್ಲೆಲ್ಲಿ ತಲೆದೋರಬಹುದೆಂದು ಮುನ್ಸೂಚನೆ ಕೊಡುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯು ಬೆಂಗಳೂರಿನ ಯಲಹಂಕದಲ್ಲಿದೆ.

ಕಿವಿಯಿಂದ ತೆಗೆದ ಆ ಒಂದು ತೊಟ್ಟು ರಕ್ತದಲ್ಲಿ 52 ಲಕ್ಷ ಅಕ್ಷರಗಳ ಗ್ರಂಥವಿದೆ. ಅದನ್ನು ಓದಿದವರು ನಮ್ಮ ಗೋಮಾಳಕ್ಕೆ ಬೇಲಿ ಹಾಕಬೇಕೋ, ಹೊರಗಿನಿಂದ ಬಂದ ಮೇವನ್ನು ತಡೆಯಬೇಕೋ ಎಂಬುದನ್ನು ಹೇಳಬಲ್ಲರು. ಊರಿನವರು ದೂರುತ್ತಿರುವ ಕುರಿಗಾಹಿಯು ನಿರಪರಾಧಿಯೆಂಬುದು ಅದರಿಂದಲೇ ತಿಳಿದುಬರಬಹುದು. ಅದು ತಿಳಿಯುವವರೆಗೆ ಯಾರ ಮೇಲೆಯೂ ಅಪವಾದವನ್ನು ಹೊರಿಸದಿರುವುದು ಓದುಬರಹ ಬಲ್ಲ ಮನೆಗಳಿಗೆ ಭೂಷಣ. ಇಂದು ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಪಶುವೈದ್ಯರಾಗಿ, ಸಂಶೋಧಕರಾಗಿ ನಮ್ಮ ಸೀಮೆಯ ಖಾಲಿ ಜಾಗವನ್ನು ಆ ಭೂಪಟದಲ್ಲಿ ತುಂಬಲಿ ಎಂಬುದೇ ನಮ್ಮ ಹಾರೈಕೆ.